ಒಂದೇ ಸಲ ಒತ್ತಿದ ಕರೆಗಂಟೆ

ಏಳನೇ ಕೋಣೆಯ ದರ್ಜಿ ತೀರಿಕೊಂಡ ಮರುದಿನ ಬೆಳಿಗ್ಗೆ ಮ್ಯಾನೇಜರ್ ಕೇಳಿದ್ದು ಒಂದೇ ಒಂದು ಕಾಗದ. ತಂತಿ ಅದನ್ನು ಹತ್ತು ನಿಮಿಷದಲ್ಲಿ ಮುದ್ರಿಸಿ ತಂದುಕೊಟ್ಟ. ಅದರಲ್ಲಿದ್ದದ್ದು ಒಂದು ಸಾಲು: ಮಧ್ಯಾಹ್ನ 3 ಗಂಟೆ 12 ನಿಮಿಷ 40 ಸೆಕೆಂಡು, ಕೋಣೆ 7, ಕರೆ ಬಂದಿದೆ, ಸದ್ದು ಹೊರಡಿಸಲಾಗಿದೆ.

ತಂತಿ ಅವನ ನಿಜವಾದ ಹೆಸರಲ್ಲ. ಹದಿನಾಲ್ಕು ಕೋಣೆಗಳ ಆ ನರ್ಸಿಂಗ್ ಹೋಮಿನಲ್ಲಿ ಕಂಪ್ಯೂಟರು, ಫೋನು, ಕ್ಯಾಮೆರಾ, ಕರೆಗಂಟೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವನು ಅವನೊಬ್ಬನೇ. ಆಳು ಸಣಕಲು, ಕೊರಳಲ್ಲಿ ಸದಾ ಒಂದು ಕೇಬಲ್ ಜೋತಾಡುತ್ತಿತ್ತು. ಹೆಸರು ಬಂದದ್ದು ಹಾಗೆ. ಅದರ ಬಗ್ಗೆ ಅವನಿಗೆ ತಕರಾರಿರಲಿಲ್ಲ. ತಕರಾರಿದ್ದದ್ದು ಅಂದಾಜಿನ ಮಾತಿನ ಬಗ್ಗೆ. "ಸುಮಾರು ಹೊತ್ತಿಂದ ಕೆಟ್ಟಿದೆ" ಎಂದು ಯಾರಾದರೂ ಫೋನ್ ಮಾಡಿದರೆ "ಎಷ್ಟು ಗಂಟೆಯಿಂದ?" ಎಂದು ಕೇಳದೆ ಅವನು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

ದರ್ಜಿಗೆ ಸೊಂಟದ ಮೂಳೆಯ ಆಪರೇಷನ್ ಆಗಿ ಆರು ದಿನವಾಗಿತ್ತು. ಮಧ್ಯಾಹ್ನ ಅವರು ಕರೆಗಂಟೆ ಒತ್ತಿದ್ದರು. 3:50ಕ್ಕೆ ಟೀ ಕೊಡಲು ಹೋದ ಹೆಂಗಸು ನೋಡಿದಾಗ ಉಸಿರಿರಲಿಲ್ಲ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿದೆ ಎಂದರು ಡಾಕ್ಟರು. ಕೂಡಲೇ ನೋಡಿದ್ದರೆ ಉಳಿಯುತ್ತಿದ್ದರೇ ಎಂದು ಮ್ಯಾನೇಜರ್ ಎರಡು ಸಲ ಕೇಳಿದರು. ಡಾಕ್ಟರು ಎರಡು ಸಲವೂ "ಹೇಳೋಕಾಗಲ್ಲ" ಎಂದರು.

ದರ್ಜಿಯ ಮಗಳು ಕೇಳಿದ್ದು ಬೇರೆ. "ಅಪ್ಪ ಬೆಲ್ ಒತ್ತಿದ್ರಾ, ಇಲ್ವಾ? ಅಷ್ಟು ಹೇಳಿ."

ಒತ್ತಿದ್ದರು. ಕಾಗದದಲ್ಲಿತ್ತು.

ಆ ಹೊತ್ತಿಗೆ ಡ್ಯೂಟಿ ಕೋಣೆಯಲ್ಲಿದ್ದವರು ದೊಡ್ಡ ಸಿಸ್ಟರ್. ಐವತ್ತೇಳು ವರ್ಷ, ಅದೇ ಕಟ್ಟಡದಲ್ಲಿ ಇಪ್ಪತ್ತಾರು ವರ್ಷದ ಕೆಲಸ. ಚಿಕ್ಕ ನರ್ಸುಗಳು ಅವರನ್ನು ಕಂಡರೆ ಚೂಯಿಂಗ್ ಗಮ್ ನುಂಗಿಬಿಡುತ್ತಿದ್ದರು. ಅವರು ನಿದ್ದೆ ಮಾಡಿರಲಿಲ್ಲ. ಕ್ಯಾಮೆರಾದಲ್ಲಿ ಅದು ಸ್ಪಷ್ಟವಾಗಿತ್ತು. 3:05ರಿಂದ 3:20ರವರೆಗೆ ಕಂಪ್ಯೂಟರಿಗೆ ಬೆನ್ನು ಮಾಡಿ ಔಷಧಿಯ ಬೀರುವಿನ ಮುಂದೆ ನಿಂತು ಸಂಜೆಯ ಮಾತ್ರೆಗಳನ್ನು ಚಿಕ್ಕ ಬಟ್ಟಲುಗಳಿಗೆ ಹಾಕುತ್ತಿದ್ದರು. ಕರೆ ಬಂದಾಗ ಪರದೆಯ ಮೇಲೆ ಕೋಣೆಯ ಸಂಖ್ಯೆ ಕೆಂಪಾಗಿ ಒಂದು ನಿಮಿಷ ನಿಲ್ಲುತ್ತದೆ. ಸ್ಪೀಕರಿನಿಂದ 'ಟಿಂಗ್' ಎಂಬ ಸದ್ದು ಒಂದು ಸಲ ಬರುತ್ತದೆ. ಬೆನ್ನು ಮಾಡಿ ನಿಂತವರಿಗಾಗಿಯೇ ಆ ಸದ್ದು. ಕ್ಯಾಮೆರಾದಲ್ಲಿ ಚಿತ್ರವಿತ್ತು, ಸದ್ದು ದಾಖಲಾಗುತ್ತಿರಲಿಲ್ಲ. 3:12:40ಕ್ಕೆ ಅವರ ಬೆನ್ನ ಹಿಂದೆ ಪರದೆ ಕೆಂಪಾಯಿತು. ಅವರ ಕೈ ಮಾತ್ರೆಯಿಂದ ಬಟ್ಟಲಿಗೆ, ಬಟ್ಟಲಿಂದ ಮಾತ್ರೆಗೆ ಹೋಗಿಬರುತ್ತಲೇ ಇತ್ತು.

"ಸದ್ದು ಬಂದಿದೆ ಅಂತ ಮೆಷಿನ್ ಹೇಳ್ತಿದೆ ಸಿಸ್ಟರ್," ಎಂದರು ಮ್ಯಾನೇಜರ್.

"ನನಗೆ ಕೇಳಿಸಲಿಲ್ಲ ಸಾರ್."

"ಅದೇ ನಾನೂ ಹೇಳ್ತಿರೋದು. ನಿಮಗೆ ಕೇಳಿಸಲಿಲ್ಲ."

ಆ ಎರಡು ವಾಕ್ಯಗಳ ನಡುವೆ ದೊಡ್ಡ ಸಿಸ್ಟರ್ ಮುಖದ ಬಣ್ಣ ಇಳಿದದ್ದನ್ನು ತಂತಿ ಕಂಡ. ಕಾಗದ ಕೊಟ್ಟವನು ತಾನೇ ಆದ್ದರಿಂದ ಎದ್ದು ಹೋಗುವಂತಿರಲಿಲ್ಲ.

ಅವನು ತನ್ನ ಕೆಲಸವನ್ನೂ ಮಾಡಿದ್ದ. ಸಾವಿನ ದಿನ ಸಂಜೆಯೇ ಡ್ಯೂಟಿ ಕೋಣೆಗೆ ಹೋಗಿ, ಸ್ಪೀಕರ್ ಸರಿಯಿದೆಯೇ ಎಂದು ಮೊದಲು ಒಂದು ಹಾಡು ಹಾಕಿ ನೋಡಿದ್ದ. ಆಮೇಲೆ ಏಳನೇ ಕೋಣೆಯಿಂದ ನಾಲ್ಕು ಸಲ ಕರೆಗಂಟೆ ಒತ್ತಿಸಿದ್ದ. ನಾಲ್ಕು ಸಲವೂ ಸದ್ದು ಬಂದಿತ್ತು. ದಿನಾ ಬೆಳಿಗ್ಗೆಯ ತಪಾಸಣೆಯ ಪುಸ್ತಕವೂ ಸರಿಯಿತ್ತು. "ಮೂರು ಸಲ ಒತ್ತಿ ನೋಡಲಾಗಿದೆ, ಸದ್ದು ಬರುತ್ತಿದೆ" ಎಂದು ಪ್ರತಿದಿನದ ಸಹಿ. ಮೂರು ಸಲ ಎಂಬ ನಿಯಮ ತಂತಿಯದೇ.

ಕಿವಿಯ ಪರೀಕ್ಷೆ ಮಾಡಿಸಿದರು. ತಾರಕ ಸ್ವರಗಳಲ್ಲಿ ಸ್ವಲ್ಪ ಇಳಿಕೆ, ವಯಸ್ಸಿಗೆ ಸಹಜ ಎಂದು ವರದಿ ಬಂತು. 'ಸಹಜ' ಎಂಬ ಪದವನ್ನು ಯಾರೂ ಗಟ್ಟಿಯಾಗಿ ಓದಲಿಲ್ಲ. ರಜೆಯ ಮೇಲೆ ಹೋಗಿ, ಹದಿನೈದು ದಿನ ಬಿಟ್ಟು ಬಂದು ರಾಜೀನಾಮೆಗೆ ಸಹಿ ಹಾಕಿ, ಮರ್ಯಾದೆಯಿಂದ ಕಳಿಸಿಕೊಡುತ್ತೇವೆ ಎಂದರು ಮ್ಯಾನೇಜರ್. ಅವರು ಕೆಟ್ಟವರಲ್ಲ. ಹೇಳುವಾಗ ಎದ್ದು ನಿಂತಿದ್ದರು.

ದೊಡ್ಡ ಸಿಸ್ಟರ್ ತಮ್ಮ ಬೀರು ಖಾಲಿ ಮಾಡುವಾಗ ತಂತಿ ಬಾಗಿಲಲ್ಲಿ ನಿಂತ. ಅವರು ಅವನನ್ನು ಮೊದಲಿನಿಂದಲೂ ತಮ್ಮ ಎಂದೇ ಕರೆಯುತ್ತಿದ್ದರು, ಅವನು ಅಕ್ಕ ಎಂದು.

"ಅಕ್ಕಾ, ನಾನು ಇದ್ದದ್ದನ್ನ..."

"ಇದ್ದದ್ದನ್ನ ಕೊಟ್ಟೆ. ಇಲ್ಲದ್ದನ್ನ ಕೊಟ್ಟಿದ್ರೆ ಕಪಾಳಕ್ಕೆ ಬಿಡ್ತಿದ್ದೆ." ಹಳೆಯ ಚಪ್ಪಲಿಯನ್ನು ಪತ್ರಿಕೆಯಲ್ಲಿ ಸುತ್ತಿದರು. "ನಮ್ಮಮ್ಮಂಗೂ ಹೀಗೇ ಶುರುವಾಗಿದ್ದು ಕಣೋ. ಒಲೆ ಮುಂದೆ ನಿಂತಿರೋಳು, ಕುಕ್ಕರ್ ಕೂಗಿದ್ದು ಗೊತ್ತಾಗ್ತಿರಲಿಲ್ಲ. ನಾವು ಮಕ್ಕಳು ನಗ್ತಿದ್ವಿ. ನಾನು ಇನ್ನೂ ಎಷ್ಟು ಬೆಲ್ ಹೀಗೆ ಬಿಟ್ಟಿದ್ದೀನೋ ತಮ್ಮಾ."

ತಂತಿ ಅವರ ಪೆಟ್ಟಿಗೆಯನ್ನು ಗೇಟಿನವರೆಗೆ ಹೊತ್ತುಕೊಟ್ಟ.

ಹದಿನೈದನೆಯ ದಿನ ಸಂಜೆ ನಾಲ್ಕಕ್ಕೆ ಅವರು ಸಹಿ ಹಾಕಲು ಬರಬೇಕಿತ್ತು. ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ ತಂತಿ ಡ್ಯೂಟಿ ಕೋಣೆಯಲ್ಲಿ ಒಬ್ಬನೇ ಕೂತು ಕೀಬೋರ್ಡ್ ಬದಲಿಸುತ್ತಿದ್ದ. ಚಿಕ್ಕ ನರ್ಸು ಡಾಕ್ಟರ ಜೊತೆ ರೌಂಡ್ಸಿಗೆ ಹೋಗಿದ್ದಳು. ಕೋಣೆ ನಿಶ್ಶಬ್ದವಾಗಿತ್ತು. ಪರದೆಯ ಮೇಲೆ ತಟ್ಟನೆ 4 ಎಂದು ಕೆಂಪಾಗಿ ಬಂತು. ಸದ್ದಿಲ್ಲ.

ಎದ್ದು ನಾಲ್ಕನೇ ಕೋಣೆಗೆ ಹೋದ. ಒಳಗೆ ಕ್ಲೀನಿಂಗಿನ ಹೆಂಗಸು ಮಂಚದ ತಲೆಯ ಕಡೆಯ ಸ್ವಿಚ್ಚುಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು.

"ಬೆಲ್ ಒತ್ತಿದ್ರಾ?"

"ಕೈ ತಾಗ್ತು ತಂತಿ ಸಾರ್. ಅದಕ್ಯಾಕೆ ಓಡಿ ಬಂದ್ರಿ? ಒಂದು ಸಲ ತಾಗಿದ್ರೆ ಏನೂ ಆಗಲ್ಲ."

"ಏನೂ ಆಗಲ್ಲ ಅಂದ್ರೆ?"

"ಕೂಗಲ್ಲ. ಅದು ಎರಡನೇ ಸಲಕ್ಕೇ ಕೂಗೋದು." ಎರಡು ಸಲ ಒತ್ತಿ ತೋರಿಸಿದಳು. ಎರಡನೆಯದಕ್ಕೆ ಮಾತ್ರ ಡ್ಯೂಟಿ ಕೋಣೆಯಿಂದ 'ಟಿಂಗ್' ಎಂದು ಕೇಳಿಸಿತು. "ನೋಡಿ. ನಮ್ಮನೇಲಿ ಒಬ್ರಿದ್ದಾರಲ್ಲ, ಅವರ ಥರಾನೇ. ಮೊದಲನೇ ಸಲ ಕರೆದ್ರೆ ಮಗ್ಗುಲು ಬದಲಾಯಿಸ್ತಾರೆ, ಎರಡನೇ ಸಲಕ್ಕೆ ಎದ್ದೇಳ್ತಾರೆ."

"ಇದು ಯಾವಾಗಿಂದ ಹೀಗೆ?"

"ಅಯ್ಯೋ, ಸುಮಾರು ದಿನದಿಂದ. ನಮ್ಮ ಕ್ಲೀನಿಂಗಿನವರಿಗೆಲ್ಲ ಗೊತ್ತು, ಯಾರೂ ಕೇಳ್ಲಿಲ್ಲ. ಪೇಷಂಟುಗಳೂ ಟಕಟಕ ಅಂತ ನಾಲ್ಕೈದು ಸಲ ಒತ್ತೋದು ಅದಕ್ಕೇ."

ತಂತಿ ಈ ಸಲ ಎಷ್ಟು ದಿನದಿಂದ ಎಂದು ಕೇಳಲಿಲ್ಲ. ಎಷ್ಟು ದಿನ ಎಂಬುದು ಅವನಿಗೆ ಗೊತ್ತಿತ್ತು.

ಮರಳಿ ಬಂದು ಕಂಪ್ಯೂಟರಿನಲ್ಲಿ ಒಂದು ಚಿಕ್ಕ ಕಡತ ತೆರೆದ. ಕಂಪ್ಯೂಟರಿನಿಂದ ಸದ್ದು ಹೊರಡಿಸುವ ಸೌಂಡ್ ಕಾರ್ಡನ್ನು ನಡೆಸುವುದು ಡ್ರೈವರ್ ಎಂಬ ತಂತ್ರಾಂಶ. ಅದು ಹೇಗೆ ನಡೆದುಕೊಳ್ಳಬೇಕು ಎಂಬ ಸೂಚನೆಗಳು ಆ ಕಡತದಲ್ಲಿರುತ್ತವೆ. ಒಂದು ಸಾಲು ಅವನೇ ಸೇರಿಸಿದ್ದು: ವಿದ್ಯುತ್ ಉಳಿತಾಯ, 10. ಹತ್ತು ಸೆಕೆಂಡು ಯಾವ ಸದ್ದೂ ಇಲ್ಲದಿದ್ದರೆ ಸೌಂಡ್ ಕಾರ್ಡನ್ನು ಆರಿಸು, ಸದ್ದು ಬಂದರೆ ಮತ್ತೆ ಎಬ್ಬಿಸು ಎಂದು ಅದರ ಅರ್ಥ. ಕಡತ ಬದಲಾದ ದಿನಾಂಕ ಪಕ್ಕದಲ್ಲೇ ಇತ್ತು. ಸಾವಿಗೆ ಹನ್ನೊಂದು ವಾರ ಮುಂಚೆ.

ಎಬ್ಬಿಸಲು ಎಷ್ಟು ಹೊತ್ತು ಬೇಕು? ಅಳೆದ. ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು. 'ಟಿಂಗ್' ಎಂಬ ಸದ್ದಿನ ಉದ್ದ? ಅರ್ಧ ಸೆಕೆಂಡಿಗಿಂತ ತುಸು ಕಡಿಮೆ. ಕಾರ್ಡು ಕಣ್ಣು ಬಿಡುವಷ್ಟರಲ್ಲಿ ಸದ್ದು ಮುಗಿದಿರುತ್ತಿತ್ತು. ಮತ್ತೆ ಹತ್ತು ಸೆಕೆಂಡಿನೊಳಗೆ ಇನ್ನೊಮ್ಮೆ ಒತ್ತಿದರೆ ಮಾತ್ರ ಕೇಳಿಸುತ್ತಿತ್ತು. ಕರೆಗಂಟೆಯ ತಂತ್ರಾಂಶವಾದರೋ ಸದ್ದನ್ನು ಡ್ರೈವರಿನ ಕೈಗೆ ಕೊಟ್ಟ ಕ್ಷಣವೇ 'ಹೊರಡಿಸಲಾಗಿದೆ' ಎಂದು ಬರೆದು ಕೈ ತೊಳೆದುಕೊಳ್ಳುತ್ತಿತ್ತು. ಅದು ಗಾಳಿಗೆ ಬಂತೇ ಎಂದು ನೋಡುವುದು ಅದರ ಕೆಲಸವಲ್ಲ. ಬೆಳಗಿನ ತಪಾಸಣೆಯಲ್ಲಿ ಮೂರು ಸಲ ಒತ್ತಿದಾಗ ಬರುತ್ತಿದ್ದದ್ದು ಎರಡು ಸದ್ದು. ಯಾರೂ ಎಣಿಸಿರಲಿಲ್ಲ. ಅವನ ಸ್ವಂತ ಪರೀಕ್ಷೆಯಲ್ಲೋ, ಮೊದಲು ಹಾಡು ಹಾಕಿ ಕಾರ್ಡನ್ನು ಎಬ್ಬಿಸಿಟ್ಟೇ ಅದು ಎಚ್ಚರವಾಗಿದೆಯೇ ಎಂದು ನೋಡಿದ್ದ.

ಆ ಸಾಲನ್ನು ಅವನು ಸೇರಿಸಿದ್ದು ವಿದ್ಯುತ್ ಉಳಿಸಲಿಕ್ಕೂ ಅಲ್ಲ. ಅಗ್ಗದ ಸೌಂಡ್ ಕಾರ್ಡು. ಎಚ್ಚರವಿದ್ದಷ್ಟು ಹೊತ್ತೂ ಸ್ಪೀಕರಿನಿಂದ 'ಸುಯ್' ಎಂಬ ಸಣ್ಣ ಸದ್ದು ಬರುತ್ತಿತ್ತು. "ಈ ಸುಯ್ ಅನ್ನೋದು ತಲೆ ತಿನ್ನುತ್ತೆ ತಮ್ಮಾ, ಮನೆಗೆ ಹೋದ್ಮೇಲೂ ಕಿವೀಲಿ ಇರುತ್ತೆ. ಏನಾದ್ರೂ ಮಾಡೋ," ಎಂದು ದೊಡ್ಡ ಸಿಸ್ಟರ್ ಮೂರು ದಿನ ಬೆನ್ನು ಹತ್ತಿದ್ದರು. ಕಾರ್ಡನ್ನು ಆರಿಸಿದರೆ ಸುಯ್ ನಿಲ್ಲುತ್ತದೆ ಎಂದು ಅವನಿಗೆ ಹೊಳೆಯಿತು. ಎರಡು ನಿಮಿಷದ ಕೆಲಸ. ಮ್ಯಾನೇಜರಿಗೆ ಕೊಡುವ ತಿಂಗಳ ವರದಿಯಲ್ಲಿ 'ವಿದ್ಯುತ್ ಉಳಿತಾಯ ಕ್ರಮ' ಎಂದು ಬರೆದ. ಅವರು ಆ ಸಾಲಿನ ಕೆಳಗೆ ಹಸಿರು ಶಾಯಿಯಲ್ಲಿ ಗೆರೆ ಎಳೆದು ಮೆಚ್ಚಿದ್ದರು. ಈಗ ಲೆಕ್ಕ ಹಾಕಿದ. ಹನ್ನೊಂದು ವಾರದಲ್ಲಿ ಉಳಿದ ಕರೆಂಟು ಮುಕ್ಕಾಲು ಯೂನಿಟ್.

ಹತ್ತನ್ನು ಸೊನ್ನೆ ಮಾಡಿದ. ಕೂಡಲೇ ಸ್ಪೀಕರಿನಿಂದ ಸುಯ್ ಎಂದು ಬಂತು. ರೌಂಡ್ಸ್ ಮುಗಿಸಿ ಬಂದ ಚಿಕ್ಕ ನರ್ಸು ಮೂಗು ಮುರಿದಳು.

"ಇದೇನ್ ಸಾರ್, ಹಾವು ಬಿಟ್ಟಿದ್ದೀರಾ ಒಳಗೆ?"

"ಇರಲಿ ಬಿಡು," ಎಂದು ಅವನು ಮ್ಯಾನೇಜರ್ ಕೋಣೆಗೆ ಹೋದ.

ಮ್ಯಾನೇಜರ್ ಪೂರ್ತಿ ಕೇಳಿಸಿಕೊಂಡರು. ನಡುವೆ ಒಂದು ಫೋನ್ ಬಂದಾಗ ಕಟ್ ಮಾಡಿದರು.

"ಈಗ ಸರಿ ಮಾಡಿದ್ದೀರಿ ತಾನೆ?"

"ಮಾಡಿದ್ದೀನಿ ಸಾರ್."

"ಹಾಗಾದ್ರೆ ಮುಗೀತಲ್ಲ. ನೋಡಿ, ದರ್ಜಿಯ ಮಗಳು ಸಿಸ್ಟರ್ ಮುಖ ನೋಡಿ ಸುಮ್ಮನಾಗಿದ್ದಾಳೆ. ವಯಸ್ಸಾದ ಹೆಂಗಸು, ಕಿವಿ ಮಂದ, ಪಾಪ ಅಂತ. ಈಗ ಹೋಗಿ, ಇಲ್ಲಮ್ಮ, ನಮ್ಮ ಬೆಲ್ಲೇ ಹನ್ನೊಂದು ವಾರ ಸತ್ತಿತ್ತು ಅನ್ನಬೇಕಾ?"

"ಸತ್ತಿರಲಿಲ್ಲ ಸಾರ್. ಮಲಗಿತ್ತು."

"ತಂತಿ, ತಮಾಷೆ ಬೇಡ."

"ತಮಾಷೆ ಅಲ್ಲ ಸಾರ್. ಸತ್ತಿದ್ರೆ ಮೊದಲನೇ ದಿನವೇ ಗೊತ್ತಾಗ್ತಿತ್ತು. ನಾನು ಬರೆದು ಕೊಡ್ತೀನಿ. ನನ್ನ ತಪ್ಪು ಅಂತಲೇ ಬರೀತೀನಿ."

ಮ್ಯಾನೇಜರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬರೀರಿ. ಆದರೆ ಬರೆದ್ರೆ ನಿಮ್ಮನ್ನೂ ಇಟ್ಕೊಳ್ಳೋಕಾಗಲ್ಲ. ಒಬ್ಬರ ಬದಲು ಇಬ್ಬರು ಹೋಗ್ತೀರಿ, ಅಷ್ಟೇ ವ್ಯತ್ಯಾಸ. ಅವರ ವಯಸ್ಸು ಹೇಗೂ ಆಗಿದೆ."

"ಅವರು ತಮ್ಮ ಕಿವಿ ಹೋಗಿದೆ ಅಂತ ನಂಬಿದ್ದಾರೆ ಸಾರ್."

ಮ್ಯಾನೇಜರ್ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಬೇಡ ಎನ್ನಲಿಲ್ಲ. ತಂತಿ ಅಷ್ಟನ್ನೇ ಅನುಮತಿ ಎಂದುಕೊಂಡು ಹೊರಬಂದ.

ದೊಡ್ಡ ಸಿಸ್ಟರ್ ನಾಲ್ಕಕ್ಕೆ ಐದು ನಿಮಿಷವಿರುವಾಗ ಬಂದರು. ಸಮವಸ್ತ್ರವಿಲ್ಲದೆ ಅವರು ಇನ್ಯಾರೋ ಎಂಬಂತೆ, ಪೇಷಂಟಿನ ಕಡೆಯವರಂತೆ ಕಂಡರು. ಕಾರಿಡಾರಿನಲ್ಲೇ ತಂತಿ ಅಡ್ಡ ನಿಂತು, ಸಹಿಗೆ ಮುಂಚೆ ಐದು ನಿಮಿಷ ಡ್ಯೂಟಿ ಕೋಣೆಗೆ ಬನ್ನಿ ಎಂದ.

"ಜೋರಾಗಿ ಮಾತಾಡೋ, ನಾನೀಗ ಕಿವುಡಿ," ಎಂದು ನಕ್ಕರು. ನಗು ಬಾಯಿಗಿಂತ ಮೇಲೆ ಹೋಗಲಿಲ್ಲ.

ಅವನು ಎಲ್ಲ ಸಿದ್ಧ ಮಾಡಿಟ್ಟಿದ್ದ. ಚಿಕ್ಕ ನರ್ಸನ್ನು ಕಾರಿಡಾರಿನಲ್ಲಿ ಓಡಾಡಿಕೊಂಡು ಎಲ್ಲ ಕೋಣೆಗಳ ಮೇಲೆ ಕಣ್ಣಿಡಲು ಹೇಳಿದ್ದ. ಕ್ಲೀನಿಂಗಿನ ಹೆಂಗಸು ಖಾಲಿಯಿದ್ದ ಏಳನೇ ಕೋಣೆಯ ಬಾಗಿಲು ತೆರೆದು, ತಂತಿಯ ಕೈ ಕಾಣುವಂತೆ, ಸ್ವಿಚ್ಚಿನ ಮೇಲೆ ಬೆರಳಿಟ್ಟು ಕೂತಿದ್ದಳು. ತಂತಿ ಸೊನ್ನೆಯನ್ನು ಮತ್ತೆ ಹತ್ತು ಮಾಡಿದ. ಸುಯ್ ನಿಂತಿತು.

"ಬೀರು ಕಡೆ ತಿರುಗಿ ನಿಂತ್ಕೊಳ್ಳಿ ಅಕ್ಕಾ. ಆವತ್ತಿನ ಹಾಗೆ."

"ಇದೆಲ್ಲ ಯಾಕೋ ಮತ್ತೆ?" ಎಂದರೂ ಅವರು ನಿಂತರು. ಕೈ ತಾನಾಗಿ ಮಾತ್ರೆಯ ತಟ್ಟೆಯ ಅಂಚನ್ನು ಹಿಡಿಯಿತು. ತಂತಿ ಗಡಿಯಾರ ನೋಡಿ ಇಪ್ಪತ್ತು ಸೆಕೆಂಡು ಬಿಟ್ಟು, ಬಾಗಿಲಾಚೆ ಕೈ ಎತ್ತಿದ. ಪರದೆಯ ಮೇಲೆ 7 ಕೆಂಪಾಯಿತು.

"ಕೇಳಿಸ್ತಾ?"

"ಏನು?"

"ತಿರುಗಿ ನೋಡಿ."

ತಿರುಗಿದರು. ಕೆಂಪು ಏಳನ್ನು ನೋಡಿ ತಟ್ಟೆಯನ್ನು ಬಿಟ್ಟು ಕುರ್ಚಿಯ ಬೆನ್ನು ಹಿಡಿದುಕೊಂಡರು. "ನೋಡಿದ್ಯಾ. ಕೇಳಿಸಲಿಲ್ಲ. ಇದನ್ನ ತೋರಿಸೋಕೆ ಕರೆದ್ಯಾ?"

"ನನಗೂ ಕೇಳಿಸಲಿಲ್ಲ ಅಕ್ಕಾ."

ಅವರು ಅವನ ಮುಖವನ್ನೇ ನೋಡಿದರು. ಅವನು ಮತ್ತೆ ಕೈ ಎತ್ತಿದ. 'ಟಿಂಗ್.'

"ಈಗ ಕೇಳಿಸ್ತು," ಎಂದರು, ಸಣ್ಣ ಹುಡುಗಿಯ ಹಾಗೆ. "ಇನ್ನೊಂದು ಸಲ."

ಕಾದು, ಮತ್ತೆ ಮಾಡಿದರು. ಮೊದಲನೆಯದು ಇಲ್ಲ, ಎರಡನೆಯದು ಇದೆ. ಐದು ಸಲ ಹೀಗೇ ಆಯಿತು. ಐದನೆಯ ಸಲ ಅವರು ಎರಡೂ ಅಂಗೈಯನ್ನು ಕಿವಿಗಳ ಮೇಲೆ ಇಟ್ಟು, ತೆಗೆದು, ಮತ್ತೆ ಇಟ್ಟುಕೊಂಡರು. ಕಣ್ಣಲ್ಲಿ ನೀರು ತುಂಬಿತ್ತು.

"ನನ್ನ ಕಿವಿ ಚೆನ್ನಾಗಿದೆ."

"ಚೆನ್ನಾಗಿದೆ ಅಕ್ಕಾ."

"ಹದಿನೈದು ದಿನದಿಂದ ಮನೇಲಿ ಬಾಗಿಲ ಹತ್ರಾನೇ ಕೂತಿದ್ದೀನಿ ಗೊತ್ತಾ? ಯಾರಾದ್ರೂ ತಟ್ಟಿದ್ರೆ ಕೇಳಿಸ್ದೇ ಹೋದ್ರೆ ಅಂತ. ಮೊಮ್ಮಗೂನ ನನ್ನ ಹತ್ರ ಬಿಟ್ಟು ಹೋಗೋಕೆ ಸೊಸೆ ಯೋಚನೆ ಮಾಡ್ತಾಳೆ." ಸೆರಗಿನಿಂದ ಮುಖ ಒರೆಸಿಕೊಂಡರು. "ಇದನ್ನ ಹೀಗೆ ಮಾಡಿದ್ದು ಯಾರು?"

"ನಾನು."

"ಯಾಕೆ?"

ಅವನು ಹತ್ತನ್ನು ಸೊನ್ನೆ ಮಾಡಿದ. ಸುಯ್ ಎಂಬ ಸದ್ದು ಕೋಣೆಯಲ್ಲಿ ತುಂಬಿಕೊಂಡಿತು. ದೊಡ್ಡ ಸಿಸ್ಟರ್ ಸ್ಪೀಕರನ್ನು ನೋಡಿದರು, ಆಮೇಲೆ ಅವನನ್ನು.

"ಓಹೋ," ಎಂದರು. "ನಾನೇ ಅಲ್ವಾ ಹೇಳಿದ್ದು."

"ಸದ್ದು ನಿಲ್ಲಿಸು ಅಂದ್ರಿ. ಬೆಲ್ ನಿಲ್ಲಿಸು ಅನ್ಲಿಲ್ಲ. ಪರೀಕ್ಷೆ ಮಾಡಬೇಕಾದವನು ನಾನು. ವರದೀಲಿ ಹಾಗೇ ಬರೆದು ಮ್ಯಾನೇಜರಿಗೆ ಕೊಡ್ತೀನಿ."

ಅವರು ಕುರ್ಚಿಯಲ್ಲಿ ಕೂತರು. ಏಳನೇ ಕೋಣೆಯಿಂದ ಕ್ಲೀನಿಂಗಿನ ಹೆಂಗಸು "ಸಾರ್, ಇನ್ನೂ ಒತ್ಲಾ?" ಎಂದು ಕೂಗಿದಳು. ಸಾಕು ಎಂದ.

"ಬೇರೆಯವರೆಲ್ಲ ನಾಲ್ಕೈದು ಸಲ ಒತ್ತುತ್ತಾರೆ ಅಲ್ವಾ?" ಎಂದರು ದೊಡ್ಡ ಸಿಸ್ಟರ್.

"ಹೌದು."

"ಆ ದರ್ಜಿ ಯಜಮಾನರು ಒಂದೇ ಸಲ ಯಾಕೆ ಒತ್ತಿದ್ರು ಗೊತ್ತಾ?"

"ಸಂಕೋಚದ ಮನುಷ್ಯ ಅಂತ ಕಾಣುತ್ತೆ."

"ಸಂಕೋಚ ಅಲ್ಲ. ಬಂದ ಮೊದಲನೇ ದಿನ ಅವರೂ ಟಕಟಕ ಅಂತ ಒತ್ತಿದ್ರು. ನಾಲ್ಕು ಸಲ. ನಾನು ಹೋಗಿ ರೇಗಿದೆ. 'ಯಜಮಾನ್ರೇ, ಇದೇನು ನಿಮ್ಮ ಹೊಲಿಗೆ ಮೆಷಿನ್ ಪೆಡಲ್ಲಾ? ಒಂದು ಸಲ ಒತ್ತಿ, ಕೈ ಬಿಡಿ. ಒಂದೇ ಸಲ ಸಾಕು, ನಾನು ಬರ್ತೀನಿ' ಅಂದೆ. ಅವರು ನಕ್ಕು, 'ಆಯ್ತು ತಾಯಿ, ಒಂದೇ ಸಲ' ಅಂದ್ರು. ಆಮೇಲೆ ಎರಡು ಸಲ ಕರೆದಿದ್ರು, ಒಂದೊಂದೇ ಒತ್ತಿ. ನಾನು ಈ ಕುರ್ಚೀಲೇ ಇದ್ದೆ, ಪರದೆ ಕಂಡಿತು, ಹೋದೆ. ಹಾಗಾಗಿ ಅವರು ನಂಬಿದ್ರು."

ತಂತಿ ಕೊರಳಿನ ಕೇಬಲನ್ನು ತೆಗೆದು ಮೇಜಿನ ಮೇಲಿಟ್ಟ. ಮತ್ತೆ ಹಾಕಿಕೊಂಡ.

"ಮೂವತ್ತೇಳು ನಿಮಿಷ," ಎಂದರು ಅವರು. "ಸ್ವಿಚ್ಚು ಕೈಗೆ ಸಿಗೋ ಹಾಗೇ ಇತ್ತು. ಇನ್ನೊಂದು ಸಲ ಒತ್ತಿದ್ರೆ ಬೈತಾಳೆ ಅಂದ್ಕೊಂಡ್ರೋ ಏನೋ."

"ಅಷ್ಟು ಹೊತ್ತು ಬದುಕಿರಲ್ಲ ಅಕ್ಕಾ."

"ಎಷ್ಟು ಹೊತ್ತು ಇರ್ತಾರೆ? ನೀನು ಅಂದಾಜು ಹೇಳೋನಲ್ಲ, ಸರಿಯಾಗಿ ಹೇಳು."

ಅವನಿಗೆ ಗೊತ್ತಿರಲಿಲ್ಲ.

ಮ್ಯಾನೇಜರ್ ಕೋಣೆಯಲ್ಲಿ ರಾಜೀನಾಮೆ ಪತ್ರ ಸಿದ್ಧವಾಗಿತ್ತು. 'ಶ್ರವಣ ಸಾಮರ್ಥ್ಯ ಕುಗ್ಗಿರುವ ಕಾರಣ' ಎಂದು ಅದರಲ್ಲಿತ್ತು. ತಂತಿಯ ವರದಿ ಬರುತ್ತಿದೆ ಎಂದು ಗೊತ್ತಿದ್ದ ಮ್ಯಾನೇಜರ್, "ಸಿಸ್ಟರ್, ನೀವು ಬೇಕಾದ್ರೆ ಸಹಿ ಹಾಕದೆ ಇರಬಹುದು. ನಾಳೆಯಿಂದ ಡ್ಯೂಟಿಗೆ ಬನ್ನಿ, ನಾನು ಏನಾದ್ರೂ ನೋಡ್ತೀನಿ," ಎಂದರು. ಮನಸ್ಸಿನಿಂದಲೇ ಹೇಳಿದ ಹಾಗಿತ್ತು.

ಅವರು ಪೆನ್ನು ತೆಗೆದುಕೊಂಡು ಆ ನಾಲ್ಕು ಪದಗಳನ್ನು ಹೊಡೆದುಹಾಕಿದರು. ನರ್ಸುಗಳು ಚಾರ್ಟಿನಲ್ಲಿ ತಪ್ಪು ತಿದ್ದುವ ಹಾಗೆ, ಕೆಳಗಿನ ಅಕ್ಷರ ಕಾಣುವಂತೆ ಒಂದೇ ಗೆರೆ. ಪಕ್ಕದಲ್ಲಿ ಚಿಕ್ಕ ಸಹಿ, ವೇಳೆ 4:40. ಆಮೇಲೆ ಕೆಳಗೆ ಪೂರ್ತಿ ಸಹಿ ಹಾಕಿದರು.

"ಹಾಗಾದ್ರೆ ಕಾರಣ ಅಂತ ಏನು ಬರೀಲಿ?" ಎಂದು ಮ್ಯಾನೇಜರ್ ಕೇಳಿದರು.

"ಖಾಲಿ ಬಿಡಿ ಸಾರ್. ಆ ಹುಡುಗಿಗೆ ನಾನೇ ಹೋಗಿ ಹೇಳ್ತೀನಿ."

ದರ್ಜಿಯ ಮಗಳಿಗೆ ಅವರು ಹೇಳಿದರೋ, ಹೇಳಿದರೆ ಎಷ್ಟು ಹೇಳಿದರೋ ತಂತಿಗೆ ತಿಳಿಯಲಿಲ್ಲ. ಅವನಿಗೆ ಒಂದು ತಿಂಗಳ ನೋಟಿಸ್ ಸಿಕ್ಕಿತು. ವರದಿಯನ್ನು ಆ ಸಂಜೆಯೇ ಮುಗಿಸಿದ: ಎರಡು ಪುಟ, ಸಾಲು ಸೇರಿಸಿದ ದಿನಾಂಕ, ಕಾರ್ಡು ಎಚ್ಚರಗೊಳ್ಳಲು ಬೇಕಾದ ಸಮಯ, ಸದ್ದಿನ ಉದ್ದ, ತಪಾಸಣೆಯ ನಿಯಮದಲ್ಲಿದ್ದ ದೋಷ, ಜವಾಬ್ದಾರ ವ್ಯಕ್ತಿ. ಕೊನೆಯಲ್ಲಿ 'ರೋಗಿ ಒಂದೇ ಸಲ ಒತ್ತಿದ್ದರು, ಕಾರಣ' ಎಂಬಲ್ಲಿಗೆ ಬಂದು ನಿಲ್ಲಿಸಿದ. ಪಕ್ಕದಲ್ಲಿ ಸ್ಪೀಕರ್ ಸುಯ್ ಎನ್ನುತ್ತಿತ್ತು. ಸ್ವಲ್ಪ ಹೊತ್ತು ಅದನ್ನೇ ಕೇಳಿಸಿಕೊಂಡು ಕೂತು, 'ತಿಳಿದುಬಂದಿಲ್ಲ' ಎಂದು ಬರೆದು ಸಹಿ ಹಾಕಿದ.